ಮನಸ್ಸಿನ ಗಾಯಕ್ಕೆ ಕಾಗದದ ಸಾಕ್ಷಿ

ಅಮೆರಿಕದ ಮಾಜಿ ಸೈನಿಕರ ಪರಿಹಾರ ಕಾನೂನಿನಿಂದ ಒಂದು ಪಾಠ

ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಕೆಲಸಗಾರನು ಪರಿಹಾರ ಕೇಳಲು ಹೋದಾಗ ಕೈಯನ್ನು ಮುಂದೆ ಚಾಚಿದರೆ ಸಾಕು, ಗಾಯ ಕಾಣುತ್ತದೆ. ಅದು ಯಾವ ದಿನ, ಯಾವ ಪಾಳಿಯಲ್ಲಿ, ಯಾವ ಯಂತ್ರದ ಬಳಿ ಆಯಿತೆಂಬುದನ್ನು ಹಾಜರಿ ಪುಸ್ತಕವೂ ಆಸ್ಪತ್ರೆಯ ಚೀಟಿಯೂ ಹೇಳುತ್ತವೆ. ಆದರೆ ಗಾಯವಾದದ್ದು ಮನಸ್ಸಿಗೆ ಎಂದಾದರೆ ಏನು ಮಾಡಬೇಕು? ಅದನ್ನು ಮೇಜಿನ ಮೇಲೆ ಇಟ್ಟು ತೋರಿಸಲು ಬರುವುದಿಲ್ಲ. ಅದಾದ ದಿನ ಯಾರೂ ಬರೆದಿಟ್ಟಿರುವುದಿಲ್ಲ. ಎಷ್ಟೋ ಸಲ ಗಾಯಗೊಂಡವನಿಗೇ ಅದು ಗಾಯವೆಂದು ತಿಳಿಯುವುದು ಹತ್ತಿಪ್ಪತ್ತು ವರ್ಷಗಳ ಮೇಲೆ.

ಇಂಥ ಗಾಯವನ್ನು ರುಜುವಾತುಪಡಿಸುವುದು ಹೇಗೆಂಬ ಪ್ರಶ್ನೆಗೆ ಅಮೆರಿಕ ದೇಶದ ಮಾಜಿ ಸೈನಿಕರ ಕಾನೂನು ವಿವರವಾಗಿ ಉತ್ತರ ಬರೆದಿಟ್ಟಿದೆ. ಆ ಉತ್ತರವು ಒಂದೇ ದಿನದಲ್ಲಿ ಸಿದ್ಧವಾದುದಲ್ಲ. ಅನೇಕರ ಅರ್ಜಿಗಳು ತಿರಸ್ಕೃತವಾಗಿ, ನ್ಯಾಯಾಲಯಗಳು ಮತ್ತೆ ಮತ್ತೆ ವಿಚಾರಿಸಿ, ನಿಯಮಗಳು ತಿದ್ದುಪಡಿಯಾಗಿ ರೂಪುಗೊಂಡುದು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಹುಮಂದಿ ಗುಮಾಸ್ತರು ಮತ್ತು ಕಾರ್ಮಿಕರು. ಅರ್ಜಿ, ನಕಲು, ಮೊಹರು, ದಾಖಲೆಗಳೊಡನೆ ಬದುಕುವವರು. ಕಾಗದವಿಲ್ಲದ ನೋವಿಗೆ ಕಾಗದವನ್ನು ಹುಡುಕುವ ಈ ವಿದ್ಯೆ ಅವರಿಗೆ ಉಪಯುಕ್ತವೆಂದು ತಿಳಿದು ಈ ಸಂಚಿಕೆಯ ಪಾಠಕ್ಕೆ ಆರಿಸಿಕೊಂಡಿದ್ದೇವೆ.

೧. ರೋಗವೂ ಅದರ ಹೆಸರೂ

ಯುದ್ಧದಿಂದ ಮನಸ್ಸು ಕೆಡುತ್ತದೆಂಬುದು ಹೊಸ ಮಾತಲ್ಲ. ೧೮೬೧ರಿಂದ ೧೮೬೫ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಬಳಿಕ ಇದನ್ನು ‘ಸೈನಿಕನ ಹೃದಯ’ ಎಂದು ಕರೆದರು. ಮೊದಲನೆಯ ಮಹಾಯುದ್ಧದಲ್ಲಿ ‘ಶೆಲ್ ಶಾಕ್’ ಎಂಬ ಹೆಸರು ಬಂದಿತು. ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ೧೯೧೫ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಹೆಸರಿನಿಂದ ಲೇಖನ ಬರೆದರು. ಹೆಸರು ಬದಲಾದರೂ ಬಹುಕಾಲ ಜನರ ಭಾವನೆ ಬದಲಾಗಲಿಲ್ಲ. ನಡುಗುವವನು ಹೇಡಿ, ನಿದ್ದೆಗೆಟ್ಟವನು ದುರ್ಬಲ ಎಂದೇ ಎಣಿಸುತ್ತಿದ್ದರು.

ವಿಯೆಟ್ನಾಂ ಯುದ್ಧದಿಂದ ಮರಳಿದವರ ದುಃಸ್ಥಿತಿಯು ಈ ಎಣಿಕೆಯನ್ನು ತಿದ್ದಿತು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸೂಚಿಯ ಮೂರನೆಯ ಆವೃತ್ತಿಯಲ್ಲಿ ‘ಆಘಾತೋತ್ತರ ಒತ್ತಡದ ಕಾಯಿಲೆ’ಯನ್ನು ಸೇರಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಪಿ.ಟಿ.ಎಸ್.ಡಿ. ಎನ್ನುತ್ತಾರೆ. ಮುಂದೆ ೧೯೮೮ರಲ್ಲಿ ಮುಗಿದ ಒಂದು ದೊಡ್ಡ ಸಮೀಕ್ಷೆಯು, ವಿಯೆಟ್ನಾಮಿನಲ್ಲಿ ಸೇವೆ ಮಾಡಿದ ಗಂಡಸರಲ್ಲಿ ನೂರಕ್ಕೆ ಸುಮಾರು ೧೫ ಮಂದಿ ಆಗಲೂ ಈ ಕಾಯಿಲೆಯಿಂದ ಬಳಲುತ್ತಿದ್ದರೆಂದು ತೋರಿಸಿತು.

ಲಕ್ಷಣಗಳು ಇವು: ನಡೆದುಹೋದ ಘಟನೆಯು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಕಣ್ಣ ಮುಂದೆ ಮರುಕಳಿಸುವುದು, ಅದನ್ನು ನೆನಪಿಗೆ ತರುವ ಜಾಗ, ಜನ, ಮಾತುಗಳಿಂದ ದೂರ ಓಡುವುದು, ಮನಸ್ಸು ಮರಗಟ್ಟಿ ಮನೆಯವರಲ್ಲಿಯೂ ಅಕ್ಕರೆ ಹುಟ್ಟದಿರುವುದು, ಸದಾ ಬೆಚ್ಚಿಬೀಳುವುದು, ಸಣ್ಣದಕ್ಕೂ ಸಿಟ್ಟು, ನಿದ್ದೆಯಿಲ್ಲದಿರುವುದು. ದೀಪಾವಳಿಯ ಪಟಾಕಿ ಸದ್ದಿಗೆ ನಾವು ಬೆಚ್ಚಿ ಮರುಕ್ಷಣ ನಗುತ್ತೇವೆ. ಈ ರೋಗಿಗೆ ಆ ಮರುಕ್ಷಣ ಬರುವುದಿಲ್ಲ.

ಇದರಲ್ಲಿ ಒಂದು ವಿಶೇಷವನ್ನು ಓದುಗರು ಗಮನಿಸಬೇಕು. ಮಿಕ್ಕ ಬಹುಪಾಲು ಮನೋರೋಗಗಳಿಗೆ ಕಾರಣವನ್ನು ಹೇಳದೆಯೇ ಹೆಸರಿಡಬಹುದು. ಈ ಕಾಯಿಲೆಗೆ ಹಾಗಲ್ಲ. ‘ಇಂಥದೊಂದು ಭೀಕರ ಘಟನೆ ನಡೆಯಿತು’ ಎಂಬುದು ರೋಗದ ವ್ಯಾಖ್ಯೆಯಲ್ಲಿಯೇ ಸೇರಿದೆ. ಆ ಘಟನೆಯನ್ನು ಅಲ್ಲಿ ‘ಸ್ಟ್ರೆಸರ್’ ಎನ್ನುತ್ತಾರೆ. ನಾವು ಈ ಪಾಠದಲ್ಲಿ ‘ಮೂಲ ಘಟನೆ’ ಎಂದು ಕರೆಯೋಣ. ಅರ್ಜಿಗಳು ಬಹಳ ಸಲ ಎಡವುವುದು ಈ ಮೂಲ ಘಟನೆಯನ್ನು ತೋರಿಸುವಲ್ಲಿಯೇ.

೨. ಕಾನೂನು ಕೇಳುವ ಮೂರು ಸಂಗತಿಗಳು

ಅಮೆರಿಕದಲ್ಲಿ ಮಾಜಿ ಸೈನಿಕರ ಪರಿಹಾರವನ್ನು ನಿರ್ಣಯಿಸುವುದು ಒಕ್ಕೂಟ ಸರಕಾರದ ಮಾಜಿ ಸೈನಿಕರ ಇಲಾಖೆ. ಅದರ ನಿಯಮದ ಪ್ರಕಾರ ಅರ್ಜಿದಾರನು ಮೂರು ಸಂಗತಿಗಳನ್ನು ತೋರಿಸಬೇಕು.

ಮೊದಲನೆಯದು: ಈಗ ಈ ರೋಗ ಇದೆ ಎಂಬ ವೈದ್ಯಕೀಯ ನಿರ್ಣಯ.

ಎರಡನೆಯದು: ಸೇವೆಯಲ್ಲಿದ್ದಾಗ ಮೂಲ ಘಟನೆ ನಡೆಯಿತೆಂಬುದಕ್ಕೆ ನಂಬತಕ್ಕ, ಪುಷ್ಟಿ ಕೊಡುವ ಸಾಕ್ಷ್ಯ.

ಮೂರನೆಯದು: ಆ ಘಟನೆಗೂ ಈ ರೋಗಕ್ಕೂ ಸಂಬಂಧವಿದೆಯೆಂಬ ವೈದ್ಯಕೀಯ ಅಭಿಪ್ರಾಯ.

ಮೊದಲನೆಯದನ್ನೂ ಮೂರನೆಯದನ್ನೂ ವೈದ್ಯರು ಹೇಳುತ್ತಾರೆ. ಎರಡನೆಯದು ಇತಿಹಾಸದ ಪ್ರಶ್ನೆ. ರೋಗ ಇಂದಿನದು, ಘಟನೆ ಅಂದಿನದು. ನಡುವೆ ನಲವತ್ತು ಐವತ್ತು ವರ್ಷಗಳು ಹರಿದುಹೋಗಿರಬಹುದು. ಒಟ್ಟಿಗೆ ಇದ್ದವರು ಸತ್ತಿರಬಹುದು, ಕಾಗದಗಳು ಸುಟ್ಟಿರಬಹುದು. ಆದಕಾರಣ ಈ ಪಾಠದಲ್ಲಿ ಎರಡನೆಯ ಸಂಗತಿಗೇ ಹೆಚ್ಚು ಸ್ಥಳ ಕೊಡುತ್ತೇವೆ.

೩. ಯಾರ ಮಾತು ಸಾಕು, ಯಾರ ಮಾತು ಸಾಲದು?

‘ಕಾಗದ ತಂದರೆ ಮಾತ್ರ ನಂಬುತ್ತೇವೆ’ ಎಂದು ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ. ಗುಂಡು ಹಾರುವ ಕಂದಕದಲ್ಲಿ ದಿನಚರಿ ಬರೆಯುವ ಗುಮಾಸ್ತನು ಕುಳಿತಿರುವುದಿಲ್ಲ. ಹೀಗಾಗಿ ಘಟನೆಯ ಸ್ವರೂಪವನ್ನು ನೋಡಿ ಸಾಕ್ಷ್ಯದ ಹೊರೆಯನ್ನು ಇಳಿಸುವ ಕ್ರಮವನ್ನು ಈ ಕಾನೂನು ಅನುಸರಿಸುತ್ತದೆ.

(ಅ) ಶತ್ರುವಿನೊಡನೆ ಹೋರಾಡಿದವನು. ಇವನು ಕದನದಲ್ಲಿ ಭಾಗವಹಿಸಿದ್ದನೆಂಬುದು ಸಿದ್ಧವಾದರೆ, ಆ ಕದನಕ್ಕೆ ಸೇರಿದ ಮೂಲ ಘಟನೆಗೆ ಇವನ ಸ್ವಂತ ಮಾತೇ ಸಾಕು. ಆ ಮಾತು ಅವನು ಸೇವೆ ಮಾಡಿದ ಸ್ಥಳ, ಸನ್ನಿವೇಶ, ಕಷ್ಟಗಳಿಗೆ ಹೊಂದಿಕೊಂಡಿರಬೇಕು. ಅದಕ್ಕೆ ವಿರುದ್ಧವಾದ ಸ್ಪಷ್ಟ, ಪ್ರಬಲ ಸಾಕ್ಷ್ಯ ಇರಬಾರದು. ಈ ತತ್ತ್ವವನ್ನು ಅಮೆರಿಕದ ಸಂಸತ್ತು ೧೯೪೧ರ ಡಿಸೆಂಬರಿನಲ್ಲಿಯೇ ಶಾಸನ ಮಾಡಿತು. ಕದನದಲ್ಲಿ ಇದ್ದನೆಂಬುದಕ್ಕೆ ಪದಕಗಳು ನೆರವಾಗುತ್ತವೆ. ಗಾಯಾಳುಗಳಿಗೆ ಕೊಡುವ ‘ಪರ್ಪಲ್ ಹಾರ್ಟ್’, ಕಾಲಾಳುಗಳಿಗೆ ಕೊಡುವ ಕದನದ ಬಿಲ್ಲೆ ಮುಂತಾದವು ಈ ಜಾತಿಯವು.

(ಆ) ಯುದ್ಧಕೈದಿಯಾಗಿದ್ದವನು. ಸೆರೆಯಲ್ಲಿ ನಡೆದುದಕ್ಕೆ ಇವನ ಮಾತಿಗೂ ಇದೇ ಮನ್ನಣೆ ಉಂಟು.

(ಇ) ಸೇವೆಯಲ್ಲಿದ್ದಾಗಲೇ ವೈದ್ಯರು ಈ ರೋಗವನ್ನು ಗುರುತಿಸಿದ್ದವನು. ಘಟನೆ ಆ ಸೇವೆಗೆ ಸಂಬಂಧಿಸಿದ್ದರೆ ಇವನಿಗೂ ಹಾಗೆಯೇ.

(ಈ) ಭಯದಲ್ಲಿ ಬದುಕಿದವನು. ಲಾರಿ ಓಡಿಸುವವನು, ಅಡುಗೆಯವನು, ಉಗ್ರಾಣದವನು, ಗುಮಾಸ್ತ — ಇವರು ಬಂದೂಕು ಹಿಡಿದು ಕಾದಾಡಿದವರಲ್ಲ. ಆದರೂ ಅವರ ಶಿಬಿರದ ಮೇಲೆ ರಾಕೆಟ್ಟು, ಫಿರಂಗಿ ಗುಂಡುಗಳು ಬೀಳುತ್ತಿದ್ದವು. ದಾರಿಯಲ್ಲಿ ಹೂತಿಟ್ಟ ಬಾಂಬು ಸಿಡಿಯುತ್ತಿತ್ತು. ಇರಾಕ್, ಅಫಘಾನಿಸ್ತಾನದ ಯುದ್ಧಗಳಲ್ಲಿ ಮುಂಚೂಣಿ ಯಾವುದು, ಹಿಂಬದಿ ಯಾವುದು ಎಂಬ ಭೇದವೇ ಅಳಿಸಿಹೋಗಿತ್ತು. ಇದನ್ನು ಮನಗಂಡು ಇಲಾಖೆಯು ೨೦೧೦ರ ಜುಲೈ ೧೩ರಂದು ನಿಯಮವನ್ನು ಸಡಿಲಿಸಿತು. ಶತ್ರುಸೈನ್ಯದ ಅಥವಾ ಭಯೋತ್ಪಾದಕರ ಕೃತ್ಯದ ಭಯವೇ ರೋಗಕ್ಕೆ ಮೂಲವಾಗಿದ್ದು, ಹೇಳಿದ ಘಟನೆ ಆತನ ಸೇವೆಯ ಸ್ಥಳಕ್ಕೂ ಸನ್ನಿವೇಶಕ್ಕೂ ಹೊಂದುವಂತಿದ್ದರೆ, ಆತನ ಮಾತನ್ನು ಒಪ್ಪಬಹುದು. ಆದರೆ ಘಟನೆಯು ರೋಗ ತರಲು ಸಾಕಷ್ಟು ಘೋರವಾದುದೆಂದು ಇಲಾಖೆಯ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ, ಅಥವಾ ಇಲಾಖೆಯು ಗುತ್ತಿಗೆಯ ಮೇಲೆ ನೇಮಿಸಿಕೊಂಡ ಅಂಥವರೋ ದೃಢಪಡಿಸಬೇಕು. ಖಾಸಗಿ ವೈದ್ಯರ ಚೀಟಿಯೊಂದೇ ಈ ಸಡಿಲಿಕೆಗೆ ಸಾಲದು.

(ಉ) ಸೈನ್ಯದೊಳಗೇ ಹಲ್ಲೆಗೋ ಮಾನಭಂಗಕ್ಕೋ ಒಳಗಾದವರು. ಇದು ಎಲ್ಲಕ್ಕಿಂತ ಕಷ್ಟದ ಪ್ರಸಂಗ. ಹಲ್ಲೆ ಮಾಡಿದವನು ಮೇಲಧಿಕಾರಿಯೇ ಆಗಿದ್ದರೆ ದೂರು ಕೊಡುವುದು ಯಾರಿಗೆ? ಹೆಂಗಸರು, ಗಂಡಸರು ಇಬ್ಬರೂ ಬಾಯಿ ಮುಚ್ಚಿಕೊಂಡು ಸೇವೆ ಮುಗಿಸಿದ್ದುಂಟು. ಇಂಥವರಿಗೆ ಸೈನ್ಯದ ಕಡತದ ಹೊರಗಿನ ಸಾಕ್ಷ್ಯವನ್ನು ತರಲು ನಿಯಮವು ಅವಕಾಶ ಕೊಟ್ಟಿದೆ: ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ಗರ್ಭಪರೀಕ್ಷೆಯ ಕಾಗದ, ಮನೆಯವರಿಗೋ ಜೊತೆಯಲ್ಲಿ ವಾಸವಿದ್ದವರಿಗೋ ಪಾದ್ರಿಗೋ ಆಗ ಹೇಳಿಕೊಂಡ ಮಾತು. ಇಷ್ಟೇ ಅಲ್ಲ, ನಡತೆಯಲ್ಲಿ ಆದ ಬದಲಾವಣೆಯನ್ನೂ ಸಾಕ್ಷ್ಯವಾಗಿ ಎಣಿಸಬೇಕು. ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಒಮ್ಮೆಗೇ ಕೆಲಸ ಕೆಡಿಸಿದ್ದು, ಕಾರಣ ಹೇಳದೆ ಬೇರೆಡೆಗೆ ವರ್ಗ ಬೇಡಿದ್ದು, ಕುಡಿತಕ್ಕೆ ಬಿದ್ದದ್ದು, ಕಾರಣವಿಲ್ಲದ ದಿಗಿಲು — ಇವು ನಿಯಮದಲ್ಲಿಯೇ ಹೆಸರಿಸಿರುವ ಕುರುಹುಗಳು. ಇಂಥ ಸಾಕ್ಷ್ಯ ತರಬಹುದೆಂದು ಅರ್ಜಿದಾರರಿಗೆ ಮೊದಲು ತಿಳಿಸದೆ ಇಲಾಖೆಯು ಅರ್ಜಿಯನ್ನು ತಿರಸ್ಕರಿಸುವಂತಿಲ್ಲ.

೨೦೧೩ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ಈ ವಿಷಯದಲ್ಲಿ ಒಂದು ಮಹತ್ತ್ವದ ತೀರ್ಪು ಕೊಟ್ಟಿತು. ದೂರು ಕೊಡದೆ ಉಳಿದ ಲೈಂಗಿಕ ಹಲ್ಲೆಯ ಬಗ್ಗೆ ಸೇವಾ ಕಡತದಲ್ಲಿ ಏನೂ ಬರೆದಿಲ್ಲವೆಂಬುದನ್ನು ‘ಹಲ್ಲೆ ನಡೆಯಲೇ ಇಲ್ಲ’ ಎಂಬುದಕ್ಕೆ ಸಾಕ್ಷ್ಯವಾಗಿ ಹಿಡಿಯಕೂಡದು ಎಂಬುದೇ ಆ ತೀರ್ಪಿನ ಸಾರ. ದೂರೇ ಹೋಗದಿದ್ದಾಗ ಕಡತದಲ್ಲಿ ಬರಹ ಎಲ್ಲಿಂದ ಬಂದೀತು? ಕಾಗದದ ಮೌನವು ಘಟನೆಯ ಅಭಾವವಲ್ಲ. ದಫ್ತರಗಳಲ್ಲಿ ಕೆಲಸ ಮಾಡುವ ನಾವೆಲ್ಲರೂ ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳತಕ್ಕದ್ದು.

(ಊ) ಮೇಲಿನ ಯಾವ ವರ್ಗಕ್ಕೂ ಸೇರದವರು. ತರಬೇತಿಯಲ್ಲಿ ವಿಮಾನ ಬಿದ್ದು ಗೆಳೆಯ ಸತ್ತದ್ದನ್ನು ಕಂಡವನು, ಹೆಣಗಳನ್ನು ಎತ್ತುವ ಕೆಲಸ ಮಾಡಿದವನು, ಹಡಗಿನ ಬೆಂಕಿಯಲ್ಲಿ ಸಿಕ್ಕಿಕೊಂಡವನು. ಇವರ ಮಾತೊಂದೇ ಸಾಲದು, ಹೊರಗಿನ ಪುಷ್ಟಿ ಬೇಕು. ಆ ಪುಷ್ಟಿಯನ್ನು ಎಲ್ಲಿಂದ ತರುವುದೆಂಬುದೇ ಮುಂದಿನ ವಿಚಾರ.

೪. ಕಾಗದಗಳು ಇರುವ ಜಾಗ

ಸೈನಿಕನ ಸ್ವಂತ ಕಡತದಲ್ಲಿ ಘಟನೆ ಇಲ್ಲದಿದ್ದರೆ ಅವನ ತುಕಡಿಯ ಕಡತವನ್ನು ನೋಡಬೇಕು. ಒಬ್ಬನ ಬಗ್ಗೆ ಬರೆಯದಿದ್ದರೂ ಒಂದು ತುಕಡಿಯ ಬಗ್ಗೆ ಸೈನ್ಯವು ಬರೆಯುತ್ತಲೇ ಇರುತ್ತದೆ. ಪ್ರತಿದಿನದ ಹಾಜರಿಯ ವರದಿ, ರೇಡಿಯೋ ಸಂದೇಶಗಳ ಪುಸ್ತಕ, ಹಡಗಿನ ದಿನಚರಿ, ಸತ್ತವರ ಗಾಯಗೊಂಡವರ ಪಟ್ಟಿ, ಅಪಘಾತದ ತನಿಖೆ, ತುಕಡಿಯ ವಾರ್ಷಿಕ ಇತಿಹಾಸ — ಇವೆಲ್ಲ ಸಂಗ್ರಹಾಲಯಗಳಲ್ಲಿ ಸಿಗುತ್ತವೆ.

ಈ ಕಾಗದಗಳಲ್ಲಿ ಅರ್ಜಿದಾರನ ಹೆಸರೇ ಇರಬೇಕೆಂಬ ನಿರ್ಬಂಧವಿಲ್ಲ. ೧೯೯೭ರಲ್ಲಿ ಮಾಜಿ ಸೈನಿಕರ ಅರ್ಜಿಗಳ ಮೇಲ್ಮನವಿ ನ್ಯಾಯಾಲಯವು, ಘಟನೆಯ ಪ್ರತಿಯೊಂದು ವಿವರಕ್ಕೂ, ಆತನು ಸ್ವತಃ ಅದರಲ್ಲಿ ಭಾಗಿಯಾಗಿದ್ದನೆಂಬುದಕ್ಕೂ ಬೇರೆ ಬೇರೆ ಪುರಾವೆ ಬೇಕಿಲ್ಲವೆಂದು ಹೇಳಿತು. ೨೦೦೨ರಲ್ಲಿ ಅದೇ ನ್ಯಾಯಾಲಯವು ವಿಯೆಟ್ನಾಮಿನ ರಾಕೆಟ್ ದಾಳಿಗಳ ಪ್ರಕರಣವೊಂದರಲ್ಲಿ ಇನ್ನೂ ಸ್ಪಷ್ಟಪಡಿಸಿತು: ದಾಳಿಗೆ ಒಳಗಾದ ತುಕಡಿಯಲ್ಲಿ ಆತನು ಆಗ ಇದ್ದನೆಂದು ತೋರಿದರೆ, ದಾಳಿಯನ್ನು ಆತನೂ ಅನುಭವಿಸಿದನೆಂದು ಬಲವಾಗಿ ಊಹಿಸಬಹುದು. ನಮ್ಮ ಚಾಳಿನಲ್ಲಿ ಒಂದು ರಾತ್ರಿ ಬೆಂಕಿ ಬಿದ್ದಿತೆಂದು ಅಗ್ನಿಶಾಮಕ ದಳದ ಪುಸ್ತಕದಲ್ಲಿ ಇದ್ದು, ಆ ತಿಂಗಳ ಬಾಡಿಗೆ ಚೀಟಿ ನಮ್ಮ ಹೆಸರಿನಲ್ಲಿ ಇದ್ದರೆ, ನಾವು ಹೊಗೆ ಕುಡಿದೆವೆಂದು ಬೇರೆ ಕಾಗದ ಬೇಕೇ? ತರ್ಕ ಅದೇ.

ಉದಾಹರಣೆಗಾಗಿ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಆತನು ವಿಯೆಟ್ನಾಮಿನ ದಾನಾಂಗ್ ನೆಲೆಯಲ್ಲಿ ಗುಮಾಸ್ತನಾಗಿದ್ದನು. ಬಿಡುಗಡೆಯ ಪತ್ರದಲ್ಲಿ ‘ಬೆರಳಚ್ಚುಗಾರ’ ಎಂದಷ್ಟೇ ಇದೆ, ಪದಕವಿಲ್ಲ. ಒಂದು ರಾತ್ರಿ ರಾಕೆಟ್ಟು ಬಿದ್ದು ಪಕ್ಕದ ಹಾಸಿಗೆಯವನು ಸತ್ತನು. ತಾರೀಖು ನೆನಪಿಲ್ಲ. ಆದರೆ ವಿಯೆಟ್ನಾಮಿನವರ ಹೊಸ ವರ್ಷದ ‘ಟೆಟ್’ ಹಬ್ಬವಾಗಿ ಎರಡು ಮೂರು ವಾರಗಳೊಳಗೆ ಎಂಬುದು ನೆನಪಿದೆ. ನಮ್ಮ ಹಿರಿಯರು ‘ಯುಗಾದಿಯಾದ ಮೇಲೆ, ಕಾರಹುಣ್ಣಿಮೆಗೆ ಮುಂಚೆ’ ಎಂದು ಕಾಲ ಹೇಳುವುದಿಲ್ಲವೇ? ಹಾಗೆಯೇ ಇದು. ೧೯೬೮ರಲ್ಲಿ ಟೆಟ್ ಬಂದದ್ದು ಜನವರಿಯ ಕೊನೆಗೆ. ಹೀಗೆ ಘಟನೆಯು ಫೆಬ್ರುವರಿಗೆ ಬಂದು ನಿಂತಿತು. ಇನ್ನು ತುಕಡಿಯ ಹೆಸರು, ಫೆಬ್ರುವರಿಯ ಸಾವಿನ ಪಟ್ಟಿ, ನೆಲೆಯ ಮೇಲಿನ ದಾಳಿಗಳ ವರದಿ, ಆ ತಿಂಗಳು ಆತನು ಅಲ್ಲಿಯೇ ಇದ್ದನೆಂದು ತೋರಿಸುವ ಸಂಬಳದ ಕಾಗದ ಇವನ್ನು ಜೋಡಿಸಿದರೆ ಚಿತ್ರ ಪೂರ್ಣವಾಗುತ್ತದೆ. ಒಂದೊಂದೇ ಕಾಗದ ನೋಡಿದರೆ ಏನೂ ಅಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ಕಾಲವನ್ನು ಹೀಗೆ ಕಿರಿದುಗೊಳಿಸಲು ಒಂದು ಕಾರಣವಿದೆ. ತುಕಡಿಯ ದಾಖಲೆ ಹುಡುಕಿಸುವಾಗ ಸುಮಾರು ೬೦ ದಿನಗಳ ಅವಧಿಯನ್ನು ಹೇಳಬೇಕೆಂಬುದು ಅಲ್ಲಿಯ ರೂಢಿ. ‘ಆ ವರ್ಷ ಯಾವಾಗಲೋ’ ಎಂದರೆ ಹುಡುಕುವುದಿಲ್ಲವೆಂದು ಅರ್ಜಿಗಳನ್ನು ತಳ್ಳಿದ್ದುಂಟು. ೨೦೧೫ರಲ್ಲಿ ನ್ಯಾಯಾಲಯವು, ನೆನಪು ಮಸುಕಾದವನ ವಿಷಯದಲ್ಲಿ ದೊಡ್ಡ ಅವಧಿಯನ್ನು ಅರವತ್ತು ಅರವತ್ತು ದಿನಗಳ ತುಂಡು ಮಾಡಿ ಹಲವು ಸಲ ಹುಡುಕುವುದು ಇಲಾಖೆಯ ಕರ್ತವ್ಯವೆಂದಿತು. ಆದರೂ ಕಾಲ, ಸ್ಥಳ, ತುಕಡಿ, ಜನ ಈ ನಾಲ್ಕನ್ನು ಅರ್ಜಿದಾರನೇ ಆದಷ್ಟು ಖಚಿತವಾಗಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಕಾಗದವೇ ನಾಶವಾಗಿದ್ದರೆ? ೧೯೭೩ರ ಜುಲೈ ೧೨ರಂದು ಸೇಂಟ್ ಲೂಯಿಸ್ ನಗರದ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದಷ್ಟು ಸೈನಿಕರ ಕಡತಗಳು ಸುಟ್ಟುಹೋದವು. ೧೯೧೨ರ ನವೆಂಬರಿನಿಂದ ೧೯೬೦ರ ಜನವರಿ ೧ರ ವರೆಗೆ ಬಿಡುಗಡೆಯಾದ ಭೂಸೈನ್ಯದವರ ಕಡತಗಳಲ್ಲಿ ನೂರಕ್ಕೆ ೮೦ ಹೋದವು. ಅವುಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ, ಸೂಚಿಯೂ ಇರಲಿಲ್ಲ. ಇಂಥ ಪ್ರಸಂಗದಲ್ಲಿ ಅರ್ಜಿದಾರನಿಗೆ ನೆರವಾಗುವ ಇಲಾಖೆಯ ಹೊಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿದೆ. ಸಂಬಳದ ಚೀಟಿ, ಆಸ್ಪತ್ರೆಯ ಪಟ್ಟಿ, ಹಾಜರಿ ವರದಿಗಳಿಂದ ಸುಟ್ಟ ಕಡತವನ್ನು ತಕ್ಕಮಟ್ಟಿಗೆ ಮತ್ತೆ ಕಟ್ಟುತ್ತಾರೆ. ಒಂದೇ ಪ್ರತಿಯನ್ನು ಒಂದೇ ಕಪಾಟಿನಲ್ಲಿ ಇಡುವ ದಫ್ತರಗಳಿಗೆಲ್ಲ ಈ ಬೆಂಕಿ ಒಂದು ಎಚ್ಚರಿಕೆ.

ಸರಕಾರದ ಕಾಗದದಷ್ಟೇ ಬೆಲೆಯುಳ್ಳ ಕಾಗದಗಳು ಮನೆಯಲ್ಲಿಯೂ ಇರುತ್ತವೆ. ಯುದ್ಧಭೂಮಿಯಿಂದ ತಾಯಿಗೆ ಬರೆದ ಪತ್ರ, ಹಿಂದೆ ತಾರೀಖು ಬರೆದ ಛಾಯಾಚಿತ್ರ, ಊರಿನ ಪತ್ರಿಕೆಯ ತುಣುಕು. ಟ್ರಂಕಿನ ತಳದಲ್ಲಿ ಮಡಿಸಿಟ್ಟ ಒಂದು ಹಳೆಯ ಪತ್ರವು ಅರ್ಜಿಯನ್ನು ಎತ್ತಿ ನಿಲ್ಲಿಸಬಲ್ಲದು. ಏಕೆಂದರೆ ಅದನ್ನು ಬರೆದಾಗ ಪರಿಹಾರದ ಯೋಚನೆಯೇ ಬರೆದವನಿಗೆ ಇರಲಿಲ್ಲ.

೫. ಹೇಳಿಕೆ ಬರೆಯುವ ಕ್ರಮ

ಮೂಲ ಘಟನೆಯನ್ನು ತಿಳಿಸಲು ಇಲಾಖೆಯು ೨೧-೦೭೮೧ ಎಂಬ ಸಂಖ್ಯೆಯ ನಮೂನೆಯನ್ನು ಇಟ್ಟಿದೆ. ಅದನ್ನು ತುಂಬುವಾಗ ಅನುಸರಿಸಬೇಕಾದ ಕ್ರಮ ಯಾವ ದೇಶದ ಯಾವ ಅರ್ಜಿಗೂ ಒಪ್ಪುವಂಥದು.

ಒಂದು: ಎಲ್ಲ ಕಷ್ಟಗಳನ್ನೂ ಹೇಳಲು ಹೋಗದೆ, ಪತ್ತೆ ಹಚ್ಚಬಹುದಾದ ಒಂದೆರಡು ಘಟನೆಗಳನ್ನು ಆರಿಸಬೇಕು. ‘ಅಲ್ಲಿ ಬಹಳ ಭಯಂಕರವಾಗಿತ್ತು’ ಎಂದರೆ ಹುಡುಕುವವನಿಗೆ ದಾರಿಯಿಲ್ಲ. ‘ಫೆಬ್ರುವರಿಯ ಎರಡನೆಯ ವಾರ, ಇಂಥ ತುಕಡಿ, ಇಂಥ ಸೇತುವೆಯ ಹತ್ತಿರ, ಮೂರನೆಯ ಲಾರಿ ಸಿಡಿಯಿತು’ ಎಂದರೆ ದಾರಿ ಉಂಟು.

ಎರಡು: ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಬರೆಯಬೇಕು. ನೆನಪಿಲ್ಲದ ಕಡೆ ‘ನೆನಪಿಲ್ಲ’ ಎಂದೇ ಬರೆಯಬೇಕು. ಊಹೆಯಿಂದ ತುಂಬಿದ ಒಂದು ತಾರೀಖು ತಪ್ಪಾದರೆ ನಿಜವಾದ ಹತ್ತು ಮಾತುಗಳೂ ಸಂದೇಹಕ್ಕೆ ಗುರಿಯಾಗುತ್ತವೆ.

ಮೂರು: ಬಣ್ಣ ಹಚ್ಚಬಾರದು. ಸುಳ್ಳು ಹೇಳಿಕೆ ಅಪರಾಧ. ಅಷ್ಟೇ ಅಲ್ಲ, ಒಬ್ಬನು ಕಟ್ಟಿದ ಸುಳ್ಳು ಮುಂದೆ ಬರುವ ಹತ್ತು ಸತ್ಯವಂತರ ದಾರಿಗೆ ಮುಳ್ಳು.

ನಾಲ್ಕು: ಸಂಗಾತಿಗಳ ಹೇಳಿಕೆ ಪಡೆಯಬೇಕು. ‘ನಾನು ಅದೇ ತುಕಡಿಯಲ್ಲಿ ಇಂದಿನಿಂದ ಇಂದಿನವರೆಗೆ ಇದ್ದೆ, ಇದನ್ನು ನಾನೇ ಕಂಡೆ’ ಎಂದು ಬರೆದ ಒಂದು ಪುಟವು ‘ಇವನು ಬಹಳ ಒಳ್ಳೆಯವನು’ ಎಂದು ಬರೆದ ಹತ್ತು ಪುಟಗಳಿಗಿಂತ ಮೇಲು.

ಐದು: ಮನೆಯವರ ಹೇಳಿಕೆ. ಹೆಂಡತಿಗೆ ಯುದ್ಧ ಗೊತ್ತಿಲ್ಲ. ಆದರೆ ಹೋಗುವ ಮುಂಚೆ ಗಂಡ ಹೇಗಿದ್ದ, ಬಂದ ಮೇಲೆ ಹೇಗಾದ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಾತ್ರಿ ಎದ್ದು ಬಾಗಿಲು ಅಗುಳಿ ನೋಡುವುದು, ಜನಸಂದಣಿಗೆ ಬರಲು ಒಲ್ಲೆನೆನ್ನುವುದು, ಮಕ್ಕಳ ಮೇಲೆ ಹರಿಹಾಯ್ದು ಆಮೇಲೆ ಅಳುವುದು ಇವನ್ನು ಆಕೆ ಬರೆಯಬೇಕು. ಸಾಮಾನ್ಯರ ಹೇಳಿಕೆಯನ್ನು, ಜೊತೆಗೆ ಆ ಕಾಲದ ವೈದ್ಯರ ಕಾಗದವಿಲ್ಲವೆಂಬ ಒಂದೇ ಕಾರಣದಿಂದ ತಳ್ಳಿಹಾಕಬಾರದೆಂದು ೨೦೦೬ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಹೇಳಿದೆ.

ಅರ್ಜಿ ಬರೆಯಲು ಅಮೆರಿಕನ್ ಲೀಜನ್ ಮುಂತಾದ ಮಾಜಿ ಸೈನಿಕರ ಸಂಘಗಳು ಉಚಿತವಾಗಿ ನೆರವಾಗುತ್ತವೆ. ಮೊದಲ ಅರ್ಜಿಯನ್ನು ಸಿದ್ಧಪಡಿಸಿ ಸಲ್ಲಿಸಿದ್ದಕ್ಕೆ ಯಾರೂ ಹಣ ಪಡೆಯಲು ಅಲ್ಲಿಯ ಕಾನೂನು ಬಿಡುವುದಿಲ್ಲ.

೬. ಸಂದೇಹದ ಲಾಭ

ಮೂಲ ಘಟನೆಗೆ ಸಾಕ್ಷ್ಯ ದೊರೆತ ಬಳಿಕ ವೈದ್ಯ ಪರೀಕ್ಷೆ ನಡೆಯುತ್ತದೆ. ‘ಖಂಡಿತವಾಗಿ ಸೇವೆಯಿಂದಲೇ ಬಂದ ರೋಗ’ ಎಂದು ವೈದ್ಯರು ಹೇಳಬೇಕಿಲ್ಲ. ‘ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ಕನಿಷ್ಠ ಸಮ ಸಂಭವವಿದೆ’ ಎಂದರೆ ಸಾಕು. ಎರಡು ಕಡೆಯ ಸಾಕ್ಷ್ಯವೂ ಹೆಚ್ಚುಕಡಿಮೆ ಸಮನಾದರೆ ಸಂದೇಹದ ಲಾಭವನ್ನು ಅರ್ಜಿದಾರನಿಗೇ ಕೊಡಬೇಕೆಂದು ಶಾಸನವೇ ವಿಧಿಸಿದೆ. ಕ್ರಿಕೆಟ್ ಆಟದಲ್ಲಿ ಸಂದೇಹದ ಲಾಭವನ್ನು ಬ್ಯಾಟುಗಾರನಿಗೆ ಕೊಡುವುದನ್ನು ನಾವು ಬಲ್ಲೆವು. ಇಲ್ಲಿ ಸೈನಿಕನೇ ಬ್ಯಾಟುಗಾರ.

ಪರೀಕ್ಷೆಯ ದಿನ ಮಾನವಂತರು ಒಂದು ತಪ್ಪು ಮಾಡುತ್ತಾರೆ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎಂದುಬಿಡುತ್ತಾರೆ. ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ಅಲ್ಲಿ ಮರ್ಯಾದೆಯ ಮಾತಿಗಿಂತ ಸತ್ಯದ ಮಾತು ಬೇಕು. ಕೆಲಸವನ್ನೂ ಸಂಸಾರವನ್ನೂ ರೋಗ ಎಷ್ಟು ಕೆಡಿಸಿದೆಯೆಂಬುದನ್ನು ನೋಡಿ ಶೇಕಡಾ ೦, ೧೦, ೩೦, ೫೦, ೭೦ ಅಥವಾ ೧೦೦ ಎಂದು ಅಶಕ್ತತೆಯನ್ನು ನಿಗದಿ ಮಾಡುತ್ತಾರೆ. ತಿಂಗಳ ಪರಿಹಾರ ಅದರ ಮೇಲೆ ನಿಲ್ಲುತ್ತದೆ.

ಅರ್ಜಿ ತಿರಸ್ಕೃತವಾದರೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ರ ಫೆಬ್ರುವರಿ ೧೯ರಿಂದ ಮೂರು ದಾರಿಗಳಿವೆ: ಹೊಸ, ಸಂಬಂಧಪಟ್ಟ ಸಾಕ್ಷ್ಯದೊಡನೆ ಮರು ಅರ್ಜಿ; ಇದ್ದ ಸಾಕ್ಷ್ಯವನ್ನೇ ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ; ಮೇಲ್ಮನವಿ ಮಂಡಲಿ. ತಿರಸ್ಕಾರ ಪತ್ರ ಬಂದ ಒಂದು ವರ್ಷದೊಳಗೆ ಹೋದರೆ ಮೊದಲ ಅರ್ಜಿಯ ತಾರೀಖಿನ ಹಕ್ಕು ಉಳಿಯುತ್ತದೆ. ತಿರಸ್ಕಾರ ಪತ್ರವನ್ನು ಸಿಟ್ಟಿನಿಂದ ಹರಿಯದೆ, ಮೂರು ಸಂಗತಿಗಳಲ್ಲಿ ಯಾವುದು ಸಾಲದಾಯಿತೆಂದು ಓದಿ ನೋಡುವುದು ಜಾಣತನ.

೭. ನಮ್ಮ ದೇಶದ ಮಾತು

ನಮ್ಮಲ್ಲಿ ಕಾನೂನು ಬೇರೆ. ಸೈನಿಕನ ರೋಗವು ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬುದು ಇಲ್ಲಿಯ ಪ್ರಶ್ನೆ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ೨೦೧೩ರಲ್ಲಿ ಸುಪ್ರೀಂ ಕೋರ್ಟು ಒಂದು ದಾರಿ ತೋರಿಸಿತು. ಸೇರುವಾಗ ವೈದ್ಯರು ಯಾವ ರೋಗವನ್ನೂ ಬರೆದಿರದಿದ್ದರೆ ಆತನು ಆರೋಗ್ಯವಂತನಾಗಿ ಸೇರಿದನೆಂದು ಭಾವಿಸಬೇಕು. ರುಜುವಾತಿನ ಹೊರೆ ಸೈನಿಕನ ಮೇಲಲ್ಲ. ಸಂದೇಹದ ಲಾಭ ಆತನಿಗೇ — ಎಂದು ೧೯೮೨ರ ನಿಯಮಗಳನ್ನು ಕೋರ್ಟು ವಿವರಿಸಿತು. ೨೦೨೩ರ ಸೆಪ್ಟೆಂಬರ್ ೨೧ರಿಂದ ಹೊಸ ನಿಯಮಗಳು ಬಂದಿವೆ. ಆದಕಾರಣ ಯಾವ ತಾರೀಖಿನಲ್ಲಿ ಬಿಡುಗಡೆಯಾಯಿತು, ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಸೇರುವಾಗಿನ ವೈದ್ಯ ಕಾಗದ, ಬಿಡುಗಡೆಯ ವೈದ್ಯಮಂಡಲಿಯ ವರದಿ ಇವೆರಡರ ನಕಲು ಕೈಯಲ್ಲಿರಬೇಕು. ಊರಿನ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ವ್ಯಾಜ್ಯವೆದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಲಿ ಇದೆ. ದೆಹಲಿ, ಮುಂಬಯಿ, ಚೆನ್ನೈಗಳಲ್ಲಿ ಅದರ ಪೀಠಗಳುಂಟು.

ಪರಿಹಾರದ ಅರ್ಜಿ ಬೇರೆ, ಚಿಕಿತ್ಸೆ ಬೇರೆ. ಅರ್ಜಿ ತೀರ್ಮಾನವಾಗುವ ವರೆಗೆ ಮನಸ್ಸು ಕಾಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ೨೦೨೨ರಲ್ಲಿ ಆರಂಭವಾದ ‘ಟೆಲಿ-ಮಾನಸ್’ ಸೇವೆಗೆ ೧೪೪೧೬ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ, ಹಣ ಕೊಡಬೇಕಿಲ್ಲ. ಸೈನಿಕರಿಗೆ ಮಾತ್ರವಲ್ಲ, ಅಪಘಾತ ಕಂಡವರಿಗೆ, ಬೆಂಕಿ ನೆರೆ ದಾಟಿ ಬಂದವರಿಗೆ, ಯಾರಿಗಾದರೂ ಸರಿಯೆ.

ಸಾರಾಂಶ

ಕಾಣದ ಗಾಯಕ್ಕೂ ಸಾಕ್ಷ್ಯವುಂಟು. ಅದು ಒಂದೇ ದೊಡ್ಡ ಕಾಗದದಲ್ಲಿ ಸಿಗುವುದಿಲ್ಲ. ಹತ್ತು ಸಣ್ಣ ಕಾಗದಗಳಲ್ಲಿ ಚದರಿರುತ್ತದೆ. ಕಾಲ, ಸ್ಥಳ, ತುಕಡಿ, ಜನ ಎಂಬ ನಾಲ್ಕು ಗೂಟಗಳನ್ನು ನೆಟ್ಟರೆ ಹುಡುಕುವ ದಾರ ಕಟ್ಟಲು ಬರುತ್ತದೆ. ಬರೆಯದಿದ್ದುದು ನಡೆಯದಿದ್ದುದಲ್ಲ. ಆದರೆ ಬರೆದಿಟ್ಟದ್ದು ಒಂದು ದಿನ ಕೈಹಿಡಿಯುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಪರಿಹಾರಕ್ಕೆ ಕಾನೂನು ಕೇಳುವ ಮೂರು ಸಂಗತಿಗಳಾವುವು? ಅವುಗಳಲ್ಲಿ ವೈದ್ಯರು ಹೇಳಲಾರದ ಸಂಗತಿ ಯಾವುದು?

೨. ಶಿಬಿರದ ಅಡುಗೆಯವನಿಗೆ ೨೦೧೦ರ ತ���ದ್ದುಪಡಿಯಿಂದ ಆದ ಅನುಕೂಲವೇನು? ಅದಕ್ಕಿರುವ ಕಟ್ಟುಪಾಡೇನು?

೩. ‘ಕಡತದಲ್ಲಿ ಇಲ್ಲ, ಆದುದರಿಂದ ನಡೆದಿಲ್ಲ’ ಎಂಬ ವಾದದಲ್ಲಿ ದೋಷವೆಲ್ಲಿದೆ?

೪. ನಿಮ್ಮ ಜೀವನದ ಹತ್ತು ವರ್ಷಗಳ ಹಿಂದಿನ ಒಂದು ಘಟನೆಯನ್ನು ಆರಿಸಿ. ಅದರ ಕಾಲ, ಸ್ಥಳ, ಜೊತೆಗಿದ್ದವರು, ಅದನ್ನು ತೋರಿಸುವ ಕಾಗದ ಇವನ್ನು ಒಂದು ಪುಟದಲ್ಲಿ ಬರೆಯಿರಿ. ಎಷ್ಟು ಕಾಗದಗಳು ನಿಮ್ಮ ಪೆಟ್ಟಿಗೆಯಲ್ಲಿ ಉಳಿದಿವೆಯೆಂದು ಎಣಿಸಿರಿ.